ಮೊದಲು ತುಣುಕು, ಆಮೇಲೆ ಸ್ವೆಟರ್

ಹೊಸಪೇಟೆ, ಕಂಪ್ಲಿ, ಸಂಡೂರಿನ ತಾಯಂದಿರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಒಂದೇ: “ಅಕ್ಕಾ, ಪುಸ್ತಕದಾಗ ಹೇಳಿದಷ್ಟೇ ಕುಣಿಕೆ ಹಾಕೀನಿ, ಆದ್ರೂ ಕೂಸಿಗೆ ಸ್ವೆಟರ್ ದೊಡ್ಡದಾತು. ಯಾಕ?” ಸೀದಾ, ಉಲ್ಟಾ ಹೆಣಿಗೆ ನಿಮಗೆಲ್ಲ ಬರುತ್ತದೆ, ಆ ಮಾತು ಬಿಡೋಣ.

ಉತ್ತರಕ್ಕೆ ಮುಂಚೆ ಎಂಥ ಸ್ವೆಟರ್ ಬೇಕು ನೋಡೋಣ. ನಮ್ಮ ಕಡೆಯ ಚಳಿ ಬೆಳಗಿನದು. ಸಂಡೂರಿನ ಗುಡ್ಡದ ಗಾಳಿಗೆ, ಕಂಪ್ಲಿಯ ಗದ್ದೆ ಮಂಜಿಗೆ ನಡುಗಿದ ಮಗುವಿಗೆ ಹತ್ತು ಗಂಟೆ ಹೊತ್ತಿಗೆ ಹಂಪಿಯ ಬಂಡೆಗಳ ನಡುವೆ ಬೆವರು. ಅದಕ್ಕೇ ತಲೆಯ ಮೇಲಿಂದ ತೂರಿಸುವ ಸ್ವೆಟರ್ ಬೇಡ, ಮುಂದೆ ಗುಂಡಿ ಇರುವ ಕಾರ್ಡಿಗನ್ ಇರಲಿ. ಕುರುಬರ ಕಂಬಳಿಯ ಉಣ್ಣೆ ಹೊದೆಯಲು ಬಲು ಒಳ್ಳೆಯದು, ಆದರೆ ಎಳೆ ಒರಟು, ಮಗುವಿನ ಕತ್ತಿಗೆ ಚುಚ್ಚುತ್ತದೆ.

ಈಗ ಪ್ರಶ್ನೆಗೆ ಬರೋಣ. ಕುಣಿಕೆಯ ಅಗಲ ನಿಂತಿರುವುದು ಮೂರರ ಮೇಲೆ: ದಾರದ ದಪ್ಪ, ಕಡ್ಡಿಯ ದಪ್ಪ, ನಿಮ್ಮ ಕೈಯ ಬಿಗಿ. ಒಬ್ಬೊಬ್ಬರು ತಟ್ಟಿದ ಜೋಳದ ರೊಟ್ಟಿ ಒಂದೊಂದು ದಪ್ಪ, ಕೈಬಿಗಿಯೂ ಹಾಗೆಯೇ. ಉದಾಹರಣೆಗೆ, ಮಗುವಿನ ಎದೆ ಸುತ್ತಳತೆ 55 ಸೆಂ.ಮೀ., ಸಡಿಲಕ್ಕೆ 5 ಸೇರಿಸಿದರೆ 60. ಪುಸ್ತಕದವರ ಕೈಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ, ಹಾಗಾಗಿ 132 ಹಾಕಿ ಎನ್ನುತ್ತಾರೆ. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 20 ಮಾತ್ರ ಬಂದರೆ ಅದೇ 132 ಕುಣಿಕೆ 66 ಸೆಂ.ಮೀ. ಆಗುತ್ತದೆ. ಎಣಿಕೆ ಸರಿ, ಅಳತೆ ತಪ್ಪು.

ಇದಕ್ಕೆ ಮದ್ದು ಒಂದು ತುಣುಕು. 30 ಕುಣಿಕೆ ಹಾಕಿ, ಚೌಕವಾಗುವವರೆಗೆ ಹೆಣೆಯಿರಿ. ಒಗೆದು, ಹಾಸಿ ಒಣಗಿಸಿ, ನಡುವಿನ 10 ಸೆಂ.ಮೀ. ಅಳೆದು ಕುಣಿಕೆ ಎಣಿಸಿ. ಅಂಚಿನಲ್ಲಿ ಅಳೆಯಬೇಡಿ, ಅಂಚು ಸುಳ್ಳು ಹೇಳುತ್ತದೆ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ಕಡ್ಡಿ ಬದಲಿಸಲು ಆಗದಿದ್ದರೆ 60 ಸೆಂ.ಮೀ.ಗೆ ನಿಮ್ಮ 20ನ್ನೇ ಆರರಿಂದ ಗುಣಿಸಿ, 120 ಹಾಕಿ. ಇನ್ನೊಮ್ಮೆ ಹೇಳುತ್ತೇನೆ: ತುಣುಕು ಹೆಣೆ, ಒಗೆ, ಅಳೆ, ಆಮೇಲೆ ಶುರು ಮಾಡು. ಉಲ್ಲನ್ ದಂಡ ಎನ್ನುತ್ತೀರಿ. ಹೆಣೆದ ಸ್ವೆಟರ್ ಪೂರ್ತಿ ಬಿಚ್ಚುವುದು ದಂಡವಲ್ಲವೇ?

ಕಡ್ಡಿಯ ನಂಬರಿನದು ಬೇರೆಯೇ ಗೊಂದಲ. ನಮ್ಮ ಅಂಗಡಿಗಳ ಹಳೆಯ ಲೆಕ್ಕದಲ್ಲಿ 8ನೇ ನಂಬರ್ ಎಂದರೆ 4 ಮಿ.ಮೀ., 10 ಎಂದರೆ 3.25, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಲೆಕ್ಕ ತಿರುಗುಮುರುಗು. ಅಲ್ಲಿಯ 8 ಎಂದರೆ 5 ಮಿ.ಮೀ. ನಂಬರ್ ಕೇಳಬೇಡಿ, ಮಿಲಿಮೀಟರ್ ಕೇಳಿ.

ಬಿಗಿಯಾಗಿ ಹೆಣೆದರೆ ಬೆಚ್ಚಗೆ ಎಂದು ಹೇಳುವವರ ಮಾತು ದಯವಿಟ್ಟು ನಂಬಬೇಡಿ. ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿ. ಬಿಗಿದರೆ ಬಟ್ಟೆ ರಟ್ಟಾಗುತ್ತದೆ, ಮಗು ಕೈ ಮಡಚಲು ಒದ್ದಾಡುತ್ತದೆ. ನಾನು ಕಲಿಸುವಾಗ ಸದಾ ನೋಡುವುದಿದು: ಹೊಸಬರು ಮೊದಮೊದಲು ಬಿಗಿಯುತ್ತಾರೆ, ಕೈ ಪಳಗಿದಂತೆ ಸಡಿಲವಾಗುತ್ತದೆ. ಅದಕ್ಕೇ ಸ್ವಲ್ಪ ಹೆಣೆದ ಮೇಲೆ ಇನ್ನೊಮ್ಮೆ ಅಳೆಯಿರಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮೊದಲ ಕಾರ್ಡಿಗನ್‌ಗೆ ಎರಡೂ ಬದಿ ಸೀದಾ ಹೆಣಿಗೆ ಸಾಕು, ಅಂಚು ಸುರುಳಿಯಾಗದು. ತೋಳು ಎರಡು ಬೆರಳು ಹೆಚ್ಚು ಉದ್ದವಿರಲಿ, ಈಗ ಮಡಚಿ. ಗುಂಡಿ ಗಟ್ಟಿಯಾಗಿ ಹೊಲಿಯಿರಿ, ಸಣ್ಣ ಮಕ್ಕಳು ಬಾಯಿಗೆ ಹಾಕುತ್ತಾರೆ. ಅಂಗಡಿಯ ಅಗ್ಗದ ಉಲ್ಲನ್ ಹೆಚ್ಚಾಗಿ ಅಕ್ರಿಲಿಕ್. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅದನ್ನು ಹಾಕಿದ ಮಗುವನ್ನು ಒಲೆ ಮುಂದೆ ಚಳಿ ಕಾಯಿಸಲು ಕೂರಿಸಲೇಬೇಡಿ.

ಇವತ್ತು ಸ್ವೆಟರ್ ಶುರು ಮಾಡಬೇಡಿ. 30 ಕುಣಿಕೆ ಹಾಕಿ, ಅಷ್ಟೇ.