ತುಟ್ಟಿಭತ್ಯೆಯೋ, ದಾನವೋ?
ಅಂಗವಿಕಲರಿಗೆ ಸಲ್ಲುವ ಹಣ ಮತ್ತು ನೋಡುವವರ ಕಣ್ಣು

(ಸಂಘದ ಯುಗಾದಿ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಹಬ್ಬದ ದಿನ ಮಾತನಾಡಲು ಬಂದವರು ಬೆಲ್ಲದ ಕಡೆಗೇ ವಾಲುವುದು ವಾಡಿಕೆ. ಸಮಿತಿಯವರು ನನಗೊಪ್ಪಿಸಿದ ವಿಷಯದಲ್ಲಿ ಬೇವಿನ ಪಾಲು ತುಸು ಅಧಿಕವಾಗಿದೆ, ಸಭಿಕರು ಮನ್ನಿಸಬೇಕು. ಈ ಬ್ರಿಟನ್ ದೇಶದಲ್ಲಿ ಅಂಗವಿಕಲರಿಗೆ ಸರಕಾರ ನೀಡುವ ಹಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಹಣವನ್ನು ಪಡೆಯುವವರನ್ನು ಉಳಿದವರು ನೋಡುವ ಬಗೆಯ ಬಗ್ಗೆ, ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತೇನೆ.

ನಮ್ಮ ಕೂಟಗಳಲ್ಲಿ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಒಂದು: "ಅವರ ಮನೆ ಮುಂದೆ ಹೊಸ ಕಾರು ನಿಂತಿದೆ ನೋಡಿ, ಎಲ್ಲಾ ನಮ್ಮ ತೆರಿಗೆ ದುಡ್ಡು. ಮನುಷ್ಯ ಚೆನ್ನಾಗಿಯೇ ನಡೆದಾಡುತ್ತಾನೆ!" ಇನ್ನೊಂದು: "ನಮ್ಮ ಮಗುವಿಗೆ ಅದೆಲ್ಲ ಬೇಡಪ್ಪ, ನಾವು ಸರಕಾರದ ಹಣಕ್ಕೆ ಕೈಯೊಡ್ಡುವವರಲ್ಲ." ಮೊದಲನೆಯದು ನೆರೆಯವನ ಮೇಲಿನ ಸಂಶಯ, ಎರಡನೆಯದು ನಮ್ಮ ಮಾನದ ಚಿಂತೆ. ಇವೆರಡೂ ಒಂದೇ ಬಳ್ಳಿಯ ಕಾಯಿಗಳೆಂಬುದು ನನ್ನ ಅಭಿಪ್ರಾಯ. ಈ ಹಣ ದಾನವೆಂದು ಭಾವಿಸುವವರು ಮಾತ್ರ ಹಾಗೆ ಮಾತನಾಡಬಲ್ಲರು. ದಾನವೆಂದೊಡನೆ ಪಾತ್ರಾಪಾತ್ರ ವಿವೇಚನೆ ಬರುತ್ತದೆ. ಕೊಟ್ಟವನಿಗೆ ಕೇಳುವ ಹಕ್ಕು ಹುಟ್ಟುತ್ತದೆ, ಪಡೆದವನು ತಲೆ ತಗ್ಗಿಸಬೇಕಾಗುತ್ತದೆ.

ಆದರೆ ಇಂಗ್ಲಿಷಿನವರು ಇದಕ್ಕೆ ಬಹುಕಾಲ ಇಟ್ಟಿದ್ದ ಹೆಸರು ಅಲೊಯನ್ಸ್, ಅಂದರೆ ಭತ್ಯೆ. ಭತ್ಯೆ ಎಂದರೇನೆಂದು ನಮ್ಮ ನಾಡಿನಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅನೇಕರ ತಂದೆಯವರು ಸರಕಾರಿ ನೌಕರಿಯಲ್ಲಿದ್ದವರು. ಅವರಿಗೆ ಪ್ರಯಾಣಭತ್ಯೆಯೂ ಇತ್ತು, ತುಟ್ಟಿಭತ್ಯೆಯೂ ಇತ್ತು. ಪ್ರಯಾಣಭತ್ಯೆಗೆ ಬಿಲ್ಲು ಬರೆಯಬೇಕು, ಮೇಲಧಿಕಾರಿಯ ರುಜು ಬೀಳಬೇಕು. ತುಟ್ಟಿಭತ್ಯೆಗೆ ಅದಾವುದೂ ಇಲ್ಲ. ಬೆಲೆಗಳು ಏರಿವೆ, ಸಂಸಾರ ನಡೆಸುವುದು ದುಬಾರಿಯಾಗಿದೆ, ಆದ್ದರಿಂದ ಇಷ್ಟು ಹೆಚ್ಚಿಗೆ ತೆಗೆದುಕೊಳ್ಳಿ ಎಂದಷ್ಟೇ ಅದರ ತರ್ಕ. ಆ ಹಣದಲ್ಲಿ ಅಕ್ಕಿ ತಂದರೋ, ಮೈಸೂರು ಸಿಲ್ಕ್ ಸೀರೆ ತಂದರೋ ಎಂದು ಖಜಾನೆಯವರು ಕೇಳಿದ್ದುಂಟೆ? ಅಂಗವಿಕಲರ ಭತ್ಯೆ ಈ ಎರಡನೆಯ ಜಾತಿಗೆ ಸೇರಿದ್ದು. ದೇಹದ ಅಥವಾ ಮನಸ್ಸಿನ ತೊಂದರೆಯಿಂದ ಬದುಕು ತುಟ್ಟಿಯಾದವರಿಗೆ ಸಲ್ಲುವ ತುಟ್ಟಿಭತ್ಯೆ ಅದು. ಅದಕ್ಕೆ ಆದಾಯದ ಮಿತಿಯಿಲ್ಲ, ತೆರಿಗೆಯೂ ಇಲ್ಲ, ಕೆಲಸದಲ್ಲಿರುವವರಿಗೂ ಅದು ಸಲ್ಲುತ್ತದೆ. "ದುಡಿಯುತ್ತಾನೆ, ಆದರೂ ಪಿಪ್ ತೆಗೆದುಕೊಳ್ಳುತ್ತಾನೆ" ಎಂಬ ಆಕ್ಷೇಪಕ್ಕೆ ಹುರುಳಿಲ್ಲದಿರುವುದು ಈ ಕಾರಣದಿಂದ.

ಈ ತಿಳಿವಳಿಕೆ ಬ್ರಿಟನ್ನಿಗೂ ಒಮ್ಮೆಲೇ ಬಂದುದಲ್ಲ. 1601ರ ಬಡವರ ಕಾಯಿದೆ ಕೈಲಾಗದವರನ್ನೂ ಕೈಲಾಗಿಯೂ ದುಡಿಯದವರನ್ನೂ ಬೇರ್ಪಡಿಸಿತು. 1834ರ ಕಾಯಿದೆ ನೆರವನ್ನು ದುಡಿಮೆಮನೆಯ ಬಾಗಿಲೊಳಗಿಟ್ಟು, ಒಳಗೆ ಬರಲು ಜನ ಹೇಸುವಂತೆ ಮಾಡಿತು. 1942ರಲ್ಲಿ ಬೆವರಿಜ್ ಮಹಾಶಯರು ಕೊಟ್ಟ ಹೆಸರಾಂತ ವರದಿಯೂ ವಿಮೆಯ ಕಂತನ್ನೇ ಆಧಾರವಾಗಿಟ್ಟುಕೊಂಡಿತ್ತು. ಸಂಬಳವಿಲ್ಲದೆ ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿ ಕಂತು ಕಟ್ಟಿರುವುದಿಲ್ಲ. ಆಕೆ ಹಾಸಿಗೆ ಹಿಡಿದರೆ ಸರಕಾರದ ಲೆಕ್ಕದಲ್ಲಿ ಯಾರಿಗೂ ಏನೂ ನಷ್ಟವಾಗಿಲ್ಲ!

ಇದನ್ನು ಪ್ರಶ್ನಿಸಿದವರು ಇಬ್ಬರು ಗೃಹಿಣಿಯರೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿಯಿಂದ ಬಳಲುತ್ತಿದ್ದ ಮೇಗನ್ ಡು ಬೊಯ್ಸನ್ ಮತ್ತು ಅವರ ಗೆಳತಿ ಬೆರಿಟ್ ಮೂರ್ 1965ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಬರೆದ ಕಾಗದದಿಂದ ಡಿಸೇಬಲ್‌ಮೆಂಟ್ ಇನ್‌ಕಮ್ ಗ್ರೂಪ್ ಎಂಬ ಸಂಘಟನೆ ಹುಟ್ಟಿತು. ಅವರು ಕೇಳಿದ್ದು ಕರುಣೆಯನ್ನಲ್ಲ, ಆದಾಯವನ್ನು. ಮೇಗನ್ 1969ರಲ್ಲಿ ತೀರಿಕೊಂಡರು. 1971ರಲ್ಲಿ ಅಟೆಂಡೆನ್ಸ್ ಅಲೊಯನ್ಸ್, 1976ರಲ್ಲಿ ಮೊಬಿಲಿಟಿ ಅಲೊಯನ್ಸ್ ಬಂದವು. ಇವೆರಡೂ 1992ರಲ್ಲಿ 65ರೊಳಗಿನವರಿಗೆ ಡಿಸಬಿಲಿಟಿ ಲಿವಿಂಗ್ ಅಲೊಯನ್ಸಾಗಿ ಒಂದಾದವು. 2013ರಿಂದ ದುಡಿಯುವ ವಯಸ್ಸಿನವರಿಗೆ ಅದರ ಬದಲು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂದರೆ ಪಿಪ್, ಜಾರಿಗೆ ಬಂತು.

ನಡುವೆ ಒಂದು ಸ್ವಾರಸ್ಯದ ಸಂಗತಿಯುಂಟು. 1977ರಲ್ಲಿ ಗೃಹಿಣಿಯರಿಗೆಂದೇ ಒಂದು ಅಶಕ್ತತಾ ಪಿಂಚಣಿ ಬಂತು. ಗಂಡಸಾದರೆ ಕೆಲಸಕ್ಕೆ ಹೋಗಲಾರೆನೆಂದು ತೋರಿಸಿದರೆ ಸಾಕಿತ್ತು. ವಿವಾಹಿತ ಹೆಂಗಸು ಮನೆಗೆಲಸವನ್ನೂ ಮಾಡಲಾರೆನೆಂದು ಸಾಬೀತುಪಡಿಸಬೇಕಿತ್ತು. ಅನ್ನ ಬೇಯಿಸಬಲ್ಲೆಯಾ, ಬಟ್ಟೆ ಒಗೆಯಬಲ್ಲೆಯಾ ಎಂಬ ಈ ಪರೀಕ್ಷೆ 1984ರವರೆಗೆ ನಡೆಯಿತು. ಹಣಕ್ಕೆ ಅರ್ಹತೆಯನ್ನು ಅಳೆಯುವ ಕೋಲು ಸಮಾಜದ ಪೂರ್ವಗ್ರಹದ ಮರದಿಂದಲೇ ಕಡಿದದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಈಗ ಖರ್ಚಿನ ಮಾತಿಗೆ ಬರೋಣ. ಸ್ಕೋಪ್ ಎಂಬ ಸಂಸ್ಥೆಯ 2023ರ ಲೆಕ್ಕದಂತೆ, ಅಂಗವಿಕಲರಿರುವ ಮನೆಯೊಂದು ಇತರರ ಮಟ್ಟದಲ್ಲೇ ಬಾಳಲು ತಿಂಗಳಿಗೆ ಸರಾಸರಿ 975 ಪೌಂಡುಗಳಷ್ಟು ಹೆಚ್ಚಿಗೆ ವೆಚ್ಚ ಮಾಡಬೇಕಾಗುತ್ತದೆ. ಇದು ಎಲ್ಲಿ ಹೋಗುತ್ತದೆ? ನಾನು ಅರ್ಜಿ ತುಂಬಿಸುವ ಸೇವೆಯಲ್ಲಿ ಕೆಲವು ವರ್ಷ ಕಳೆದವನು, ಕಂಡದ್ದನ್ನು ಹೇಳುತ್ತೇನೆ. ಕೀಲುಬೇನೆಯವರ ಮನೆಯಲ್ಲಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹೀಟಿಂಗ್ ಆರುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುವ ದೊಡ್ಡ ಮಗುವಿರುವ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ದಿನಕ್ಕೆ ಮೂರು ಸಲ ತಿರುಗುತ್ತದೆ, ಬೇಗನೆ ಕೆಡುತ್ತದೆ. ಬಸ್ಸು ಹತ್ತಲಾರದವನು ಟ್ಯಾಕ್ಸಿ ಹಿಡಿಯುತ್ತಾನೆ. ತರಕಾರಿ ಹೆಚ್ಚಲಾಗದ ಕೈಗಳು ಹೆಚ್ಚಿಟ್ಟ ತರಕಾರಿಯನ್ನು ಎರಡರಷ್ಟು ಬೆಲೆಗೆ ಕೊಳ್ಳುತ್ತವೆ. ಆಟಿಸಂ ಇರುವ ಮಗು ಒಂದೇ ಬಗೆಯ ಬಿಸ್ಕತ್ತನ್ನು ಮಾತ್ರ ತಿನ್ನುವುದಾದರೆ, ಅಂಗಡಿಯಲ್ಲಿ ಕಂಡಾಗಲೆಲ್ಲ ಹತ್ತು ಪೊಟ್ಟಣ ತಂದಿಡಬೇಕು. ಇವುಗಳಲ್ಲಿ ಯಾವುದೂ ನೋಡುವವರ ಕಣ್ಣಿಗೆ "ಅಂಗವೈಕಲ್ಯದ ಖರ್ಚು" ಎಂದು ಕಾಣುವುದಿಲ್ಲ. ರಸೀತಿಯಲ್ಲಿ ಅಚ್ಚಾಗುವುದು ಬಿಸ್ಕತ್ತು ಎಂದಷ್ಟೆ.

ಆದ್ದರಿಂದಲೇ 2024ರ ಏಪ್ರಿಲ್ ತಿಂಗಳಲ್ಲಿ ಅಂದಿನ ಸರಕಾರ ಹೊರಡಿಸಿದ ಸಮಾಲೋಚನಾ ಪತ್ರ ಅನೇಕರನ್ನು ಕಂಗೆಡಿಸಿತು. ನಗದಿನ ಬದಲು ವೋಚರ್ ಕೊಡಬಹುದೆ, ರಸೀತಿ ತೋರಿಸಿದವರಿಗೆ ಹಣ ಮರಳಿಸಬಹುದೆ, ಪಟ್ಟಿಯೊಂದರಿಂದ ಸಾಧನಗಳನ್ನು ಆರಿಸಿಕೊಳ್ಳುವಂತೆ ಮಾಡಬಹುದೆ ಎಂದು ಅದು ಕೇಳಿತ್ತು. ತುಟ್ಟಿಭತ್ಯೆಯನ್ನು ಪ್ರಯಾಣಭತ್ಯೆಯಾಗಿಸುವ ಸೂಚನೆ ಇದು. ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಹೀಟಿಂಗಿನ ಬಿಲ್ಲಿನಲ್ಲಿ ಬೇನೆಯ ಪಾಲೆಷ್ಟು, ಚಳಿಯ ಪಾಲೆಷ್ಟು ಎಂದು ವಿಭಾಗಿಸುವ ಗುಮಾಸ್ತನನ್ನು ಎಲ್ಲಿಂದ ತರುವುದು? ರಸೀತಿ ತೋರಿಸಬೇಕಾದರೆ ಮೊದಲು ಕೈಯಿಂದ ಹಣ ಹಾಕಬೇಕು; ಹಾಕಲು ಇಲ್ಲದವನ ಗತಿಯೇನು? ಅದೇ ವರ್ಷದ ಜುಲೈನಲ್ಲಿ ಸರಕಾರ ಬದಲಾಯಿತು, ಆ ಸೂಚನೆ ಮುಂದುವರಿಯಲಿಲ್ಲ. ಆದರೂ ವಿಚಾರ ಸತ್ತಿತೆಂದು ನಾನು ನಂಬುವುದಿಲ್ಲ. ಇಂತಹವು ಮತ್ತೆ ತಲೆಯೆತ್ತುತ್ತವೆ.

ಕಾರಿನ ಪ್ರಸ್ತಾಪವಿಲ್ಲದೆ ಈ ವಿಷಯ ಮುಗಿಯದು. ಈ ದೇಶದಲ್ಲಿ ಬಹುಕಾಲದಿಂದ ನೆಲೆಸಿದವರಿಗೆ ತಿಳಿನೀಲಿ ಬಣ್ಣದ ಮೂರು ಚಕ್ರದ ಪುಟ್ಟ ಗಾಡಿಗಳ ನೆನಪಿರಬಹುದು. ಇನ್ವಾಕಾರ್ ಎಂದು ಹೆಸರು, ಒಂದೇ ಆಸನ. ತಾಯಿಯಾದವಳು ತನ್ನ ಮಗುವನ್ನು ಅದರಲ್ಲಿ ಕರೆದೊಯ್ಯುವಂತಿರಲಿಲ್ಲ. ಅಪಾಯಕಾರಿಯೆಂದು 2003ರಲ್ಲಿ ಅವನ್ನು ರಸ್ತೆಯಿಂದ ತೆಗೆದರು. ಆ ಗಾಡಿಯ ಮೇಲೆ ಯಾರಿಗೂ ಅಸೂಯೆ ಇರಲಿಲ್ಲ, ಗಮನಿಸಿ! 1977ರಲ್ಲಿ ಸ್ಥಾಪನೆಯಾದ ಮೊಟಬಿಲಿಟಿ ಯೋಜನೆ ಎಲ್ಲರಂತಹ ಕಾರನ್ನು ಬಾಡಿಗೆಗೆ ಕೊಡತೊಡಗಿದ ಮೇಲೆ ಅಸೂಯೆ ಹುಟ್ಟಿತು. ಕಾರು ಸರಕಾರದ ಉಡುಗೊರೆಯಲ್ಲ. ಓಡಾಟದ ಭತ್ಯೆಯ ಮೇಲಿನ ದರ, 2025-26ರಲ್ಲಿ ವಾರಕ್ಕೆ 77.05 ಪೌಂಡು, ನೇರವಾಗಿ ಬಾಡಿಗೆಗೆ ಸಂದಾಯವಾಗುತ್ತದೆ. ಹೆಚ್ಚು ಬೆಲೆಯ ಕಾರು ಬೇಕಾದವರು ಮುಂಗಡವನ್ನು ಸ್ವಂತ ಜೇಬಿನಿಂದ ಕೊಡುತ್ತಾರೆ. ಕೆಲವು ವರ್ಷಗಳ ನಂತರ ಕಾರು ಹಿಂದಕ್ಕೆ ಹೋಗುತ್ತದೆ.

2025ರ ನವೆಂಬರಿನಲ್ಲಿ ಬಿ.ಎಂ.ಡಬ್ಲ್ಯು., ಮರ್ಸಿಡೀಸ್ ಮುಂತಾದವನ್ನು ಈ ಯೋಜನೆಯಿಂದ ಕೈಬಿಡಲಾಯಿತು. ಆ ತಿಂಗಳ ಬಜೆಟ್ಟಿನಲ್ಲಿ ಕೆಲವು ತೆರಿಗೆ ವಿನಾಯಿತಿಗಳನ್ನು ತೆಗೆಯುವ ಘೋಷಣೆಯೂ ಆಯಿತು. ತೆರಿಗೆ ವಿನಾಯಿತಿ ಎಷ್ಟಿರಬೇಕೆಂಬುದು ಚರ್ಚೆಗೆ ಯೋಗ್ಯವಾದ ವಿಷಯವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪತ್ರಿಕೆಗಳಲ್ಲಿ ನಡೆದ ಚರ್ಚೆ ಬಹುಪಾಲು ತೆರಿಗೆಯದಾಗಿರಲಿಲ್ಲ. ಅಂಗವಿಕಲನಿಗೆ ಒಳ್ಳೆಯ ಕಾರು ಏಕೆ ಎಂಬುದಾಗಿತ್ತು.

ಮೋಸವೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಎಲ್ಲಿ ಹಣವಿದೆಯೋ ಅಲ್ಲಿ ಅದೂ ಇರುತ್ತದೆ. ಆದರೆ ಪ್ರಮಾಣವೆಷ್ಟು? 2023-24ನೆಯ ಸಾಲಿಗೆ ಸರಕಾರದ ಇಲಾಖೆಯೇ ಮಾಡಿದ ಅಂದಾಜಿನಂತೆ, ಪಿಪ್‌ನಲ್ಲಿ ಮೋಸ ಮತ್ತು ತಪ್ಪು ಎರಡೂ ಸೇರಿ ಹೆಚ್ಚಿಗೆ ಸಂದಾಯವಾದದ್ದು ಶೇಕಡ 1ಕ್ಕಿಂತಲೂ ಕಡಿಮೆ. ಇತ್ತ, ಅರ್ಜಿ ತಿರಸ್ಕೃತವಾಗಿ ನ್ಯಾಯಮಂಡಲಿಯ ವಿಚಾರಣೆಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೆದ್ದು ಬಂದಿದ್ದಾರೆ. ಪಡೆಯುವವರ ಸಂಖ್ಯೆ ಏರಿದೆ ಎಂಬುದು ನಿಜ. 2025ರ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಪಿಪ್ ಪಡೆಯುತ್ತಿದ್ದರು; ಇಷ್ಟು ವೆಚ್ಚವನ್ನು ದೇಶ ಹೇಗೆ ಭರಿಸೀತೆಂಬ ಚಿಂತೆ ಸಹಜವಾದುದು. ಅದು ಬೊಕ್ಕಸದ ಪ್ರಶ್ನೆ. ಪಕ್ಕದ ಮನೆಯವನ ನಡಿಗೆಯನ್ನು ಕಿಟಕಿಯಿಂದ ಅಳೆಯುವುದು ಬೇರೆಯೇ ಬಗೆಯ ಚಟುವಟಿಕೆ.

ಆ ನಡಿಗೆಯ ಬಗ್ಗೆಯೂ ಒಂದು ಮಾತು. ಓಡಾಟದ ಭತ್ಯೆಯ ಮೇಲಿನ ದರಕ್ಕೆ ಪಿಪ್‌ನಲ್ಲಿರುವ ಒಂದು ಅಳತೆ 20 ಮೀಟರು. ಅಷ್ಟು ದೂರವನ್ನು ಒಮ್ಮೆ ದಾಟಿದರೆ ಮುಗಿಯಿತೆಂದಲ್ಲ. ಸುರಕ್ಷಿತವಾಗಿ, ಸರಿಯಾದ ವೇಳೆಯಲ್ಲಿ, ಮತ್ತೆ ಮತ್ತೆ ನಡೆಯಬಲ್ಲರೆ ಎಂಬುದು ಪ್ರಶ್ನೆ. ನೀವು ಕಾರು ನಿಲ್ದಾಣದಲ್ಲಿ ಕಾಣುವುದು ಒಂದು ನಡಿಗೆಯನ್ನು. ಅದರ ನಂತರ ಅವರು ಸಂಜೆಯೆಲ್ಲ ಮಲಗಿರುವುದು ಕಾಣಿಸುವುದಿಲ್ಲ. ಕಣ್ಣಿಗೆ ಕಾಣದ ತೊಂದರೆಯುಳ್ಳವರಿಗೂ 2019ರಿಂದ ಇಂಗ್ಲೆಂಡಿನಲ್ಲಿ ಬ್ಲೂ ಬ್ಯಾಡ್ಜ್ ಸಿಗುತ್ತಿದೆ.

ಇನ್ನು ನಮ್ಮವರ ಮನೆಯ ಮಾತು. ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನಕ್ಕೆ ವೈದ್ಯರ ಶೇಕಡಾವಾರು ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಉಂಟು. ಆದ್ದರಿಂದ ಅದು ಬಡವರ ಸೌಲಭ್ಯವೆಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ವೈದ್ಯರು, ಇಂಜಿನಿಯರುಗಳು, ಬ್ಯಾಂಕಿನವರು ಅದನ್ನು ಕೇಳುವುದೆಂದರೇನು ಎಂಬ ಸಂಕೋಚ ಇಲ್ಲಿಗೂ ಬಂದಿದೆ. ಅದರ ಹಿಂದೆ ಇನ್ನೊಂದು ಭಯವಿದೆ: ಅರ್ಜಿ ಹಾಕಿದರೆ ಮಗುವಿಗೊಂದು ಹೆಸರು ಅಂಟುತ್ತದೆ, ನಾಳೆ ಅದರ ಅಕ್ಕನ ಮದುವೆಯ ಮಾತಿಗೆ ಅಡ್ಡಿಯಾಗುತ್ತದೆ. ಇದನ್ನು ಯಾರೂ ವೇದಿಕೆಯಲ್ಲಿ ಆಡುವುದಿಲ್ಲ, ಅಡಿಗೆಮನೆಯಲ್ಲಿ ಆಡುತ್ತಾರೆ. ಇದರ ಭಾರವನ್ನು ಹೊರುವವರು ಹೆಚ್ಚಾಗಿ ತಾಯಂದಿರು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರು ಅವರು. ಭತ್ಯೆ ಬಂದಿದ್ದರೆ ವಾರಕ್ಕೆ ನಾಲ್ಕು ಗಂಟೆ ಯಾರನ್ನಾದರೂ ನೆರವಿಗೆ ಕರೆಯಬಹುದಿತ್ತು. ಈ ಸಭೆಗೂ ಬರಬಹುದಿತ್ತು.

ಅರ್ಜಿಯ ವಿಷಯದಲ್ಲಿ ಕೆಲವು ವಿವರಗಳು. 16ರ ಒಳಗಿನ ಮಕ್ಕಳಿಗೆ ಡಿಸಬಿಲಿಟಿ ಲಿವಿಂಗ್ ಅಲೊಯನ್ಸ್, 16ರಿಂದ ಪಿಂಚಣಿಯ ವಯಸ್ಸಿನವರೆಗೆ ಪಿಪ್, ಆಮೇಲೆ ಅಟೆಂಡೆನ್ಸ್ ಅಲೊಯನ್ಸ್. ಸ್ಕಾಟ್ಲೆಂಡಿನಲ್ಲಿ ಹೆಸರೂ ಬೇರೆ, ಕಚೇರಿಯೂ ಬೇರೆ. ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವಿಲ್ಲವೆಂದು ನಮೂದಾಗಿರುವವರು ದಯವಿಟ್ಟು ಇವಕ್ಕೆ ಅರ್ಜಿ ಹಾಕಬಾರದು. ಮುಂದೆ ವೀಸಾ ನವೀಕರಣಕ್ಕೆ ತೊಡಕಾದೀತು. ಮೊದಲು ಬಲ್ಲವರ ಸಲಹೆ ಪಡೆಯಿರಿ. ಖಾಯಂ ನೆಲೆಯ ಹಕ್ಕು ದೊರೆತ ವಯಸ್ಕರು ಸಾಮಾನ್ಯವಾಗಿ ಕಳೆದ ಮೂರು ವರ್ಷಗಳಲ್ಲಿ ಎರಡು ವರ್ಷ ಈ ದೇಶದಲ್ಲಿ ಇದ್ದಿರಬೇಕು. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಯರಿಗೆ ಇದು ಸಲ್ಲದು.

ನಮೂನೆ ತುಂಬುವಾಗ ನಮ್ಮವರು ಮಾಡುವುದೊಂದಿದೆ: "ಹೇಗೋ ನಿಭಾಯಿಸುತ್ತೇವೆ" ಎಂದು ಬರೆದುಬಿಡುತ್ತಾರೆ. ಅದು ಸೌಜನ್ಯ, ಆದರೆ ಉತ್ತರವಲ್ಲ. ಯಾರು ಎಬ್ಬಿಸುತ್ತಾರೆ, ಯಾರು ಸ್ನಾನ ಮಾಡಿಸುತ್ತಾರೆ, ರಾತ್ರಿ ಎಷ್ಟು ಸಲ ಏಳಬೇಕು, ವಾರದ ಏಳು ದಿನಗಳಲ್ಲಿ ಎಷ್ಟು ದಿನ ಹೀಗೆ ಎಂಬುದನ್ನು ಇದ್ದಂತೆಯೇ ಬರೆಯಿರಿ. ಬರೆಯುವ ಮೊದಲು ಒಂದು ವಾರ ದಿನಚರಿ ಇಡುವುದು ಒಳ್ಳೆಯದು. ಕಳುಹಿಸುವ ಮುನ್ನ ನಮೂನೆಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ, ಮೇಲ್ಮನವಿಗೆ ಬೇಕಾಗುತ್ತದೆ.

ಊಟದ ನಂತರ ನಾನು ಹಿಂದಿನ ಸಣ್ಣ ಕೋಣೆಯಲ್ಲಿರುತ್ತೇನೆ. ಖಾಸಗಿಯಾಗಿ ಕೇಳಬೇಕೆನಿಸಿದವರು ಅಲ್ಲಿಗೆ ಬರಬಹುದು, ಬಾಗಿಲು ಹಾಕಿಕೊಂಡೇ ಮಾತನಾಡೋಣ.