ಬೀಜಗ್ರಂಥಿಯೂ ಅದರ ದೂತರೂ



ಸಂತಾನಕ್ಕೆ ಸಂಬಂಧಪಟ್ಟ ವಿಚಾರಗಳನ್ನು ನಾಲ್ಕು ಜನರ ಮುಂದೆ ಆಡಲು ನಮ್ಮಲ್ಲಿ ಸಂಕೋಚವುಂಟು. ಆ ಸಂಕೋಚದ ಮರೆಯಲ್ಲಿ ಅಜ್ಞಾನವು ಬೆಳೆಯುವುದು. ಅಜ್ಞಾನವಿರುವೆಡೆ ಪೌರುಷವನ್ನು ಮಾರುವ ಅಂಗಡಿಗಳೂ ಹುಟ್ಟುವುವು. ಆದುದರಿಂದ ಪುರುಷನ ಬೀಜಗ್ರಂಥಿ, ಎಂದರೆ ವೃಷಣವು, ಯಾರ ಅಪ್ಪಣೆಯಂತೆ ಕೆಲಸಮಾಡುತ್ತದೆ ಎಂಬುದನ್ನು ಇಂದು ವಿಚಾರಮಾಡೋಣ.

1849ರಲ್ಲಿ ಜರ್ಮನಿಯ ಗ್ಯೋಟಿಂಗೆನ್ ನಗರದಲ್ಲಿ ಬೆರ್ತೋಲ್ಡ್ ಎಂಬ ಪಂಡಿತನು ಎಳೆಯ ಹುಂಜಗಳ ವೃಷಣಗಳನ್ನು ತೆಗೆದನು. ಅವುಗಳ ಜುಟ್ಟು ಬೆಳೆಯಲಿಲ್ಲ, ಕೂಗು ಏಳಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ನೆಟ್ಟಾಗ, ಹಳೆಯ ನರಗಳ ಸಂಬಂಧ ಕಡಿದಿದ್ದರೂ, ಅವು ಪೂರ್ಣ ಹುಂಜಗಳಾದುವು. ಗ್ರಂಥಿಯು ರಕ್ತದ ಮೂಲಕ ಏನನ್ನೋ ಕಳುಹಿಸುತ್ತದೆ ಎಂದು ಇದರಿಂದ ತಿಳಿಯಿತು. ಆ ವಸ್ತುವು 1935ರಲ್ಲಿ ಶುದ್ಧರೂಪದಲ್ಲಿ ದೊರೆತು, ಟೆಸ್ಟೊಸ್ಟೆರೋನ್ ಎಂಬ ಹೆಸರನ್ನು ಪಡೆಯಿತು.

ಆದರೆ ವೃಷಣವು ಸ್ವತಂತ್ರನಾದ ಅರಸನಲ್ಲ. ಅದರ ಮೇಲೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆಜ್ಞೆಯುಂಟು. ಪಿಟ್ಯುಟರಿಯ ಮೇಲೆ ಮೆದುಳಿನದೇ ಭಾಗವಾದ ಹೈಪೊಥಲಾಮಸ್ಸಿನ ಆಜ್ಞೆಯುಂಟು. ಈ ಮೇಲಿನ ಆಜ್ಞೆಯನ್ನು ತರುವ ದೂತನು 10 ಅಮೈನೋ ಆಮ್ಲಗಳನ್ನು ಸರದಂತೆ ಕೋದ ಒಂದು ಪುಟ್ಟ ಪೆಪ್ಟೈಡು, ಹೆಸರು ಜಿ.ಎನ್.ಆರ್.ಎಚ್. ಹಂದಿ, ಕುರಿಗಳ ಲಕ್ಷಗಟ್ಟಲೆ ಮೆದುಳಿನ ತುಣುಕುಗಳನ್ನು ಅರೆದು ಶೋಧಿಸಿ, ಶ್ಯಾಲಿ ಮತ್ತು ಗಿಯೆಮೆ ಎಂಬವರ ಪ್ರತಿಸ್ಪರ್ಧಿ ತಂಡಗಳು 1971ರಲ್ಲಿ ಇದರ ರಚನೆಯನ್ನು ಕಂಡುಹಿಡಿದುವು. 1977ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು.

ಈ ದೂತನು ಎಚ್ಚರಿಸಿದೊಡನೆ ಪಿಟ್ಯುಟರಿಯಿಂದ ಎಲ್.ಎಚ್., ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳು ಹೊರಡುವುವು. ಮೊದಲನೆಯದು ವೃಷಣದ ಲೈಡಿಗ್ ಕೋಶಗಳಿಂದ ಟೆಸ್ಟೊಸ್ಟೆರೋನನ್ನು ಮಾಡಿಸುವುದು. ಎರಡನೆಯದು, ವೀರ್ಯಾಣುಗಳಿಗೆ ದಾದಿಯರಂತಿರುವ ಸರ್ಟೋಲಿ ಕೋಶಗಳನ್ನು ಪೋಷಣೆಗೆ ಹಚ್ಚುವುದು. ಕೆಳಗಿನಿಂದಲೂ ಉತ್ತರ ಹೋಗುವುದುಂಟು. ಟೆಸ್ಟೊಸ್ಟೆರೋನೂ, ಸರ್ಟೋಲಿ ಕೋಶಗಳು ಕಳುಹಿಸುವ ಇನ್‌ಹಿಬಿನ್ ಎಂಬ ಹಾರ್ಮೋನೂ ರಕ್ತದಲ್ಲಿ ಮೇಲಕ್ಕೇರಿ, "ಇಷ್ಟು ಸಾಕು" ಎಂದು ತಿಳಿಸುವುವು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮೇಲಿನ ದೂತನು ಸದಾ ಬಾಗಿಲಲ್ಲಿ ನಿಂತಿರುವುದಿಲ್ಲ. ಗಂಡಸಿನಲ್ಲಿ ಸುಮಾರು 2 ಗಂಟೆಗೊಮ್ಮೆ ಬಂದು, ತಟ್ಟಿ, ಹೋಗುತ್ತಾನೆ. ಅಮೆರಿಕದ ಕ್ನೋಬಿಲ್ ಮತ್ತು ಅವರ ಸಂಗಡಿಗರು 1978ರಲ್ಲಿ ಹೆಣ್ಣುಕೋತಿಗಳ ಮೇಲಿನ ಪ್ರಯೋಗದಿಂದ ಇದರ ಮರ್ಮವನ್ನು ತೋರಿಸಿದರು. ಗಂಟೆಗೊಮ್ಮೆ ಕೊಟ್ಟ ಪೆಪ್ಟೈಡು ಪಿಟ್ಯುಟರಿಯನ್ನು ಎಬ್ಬಿಸಿತು. ಎಡೆಬಿಡದೆ ಹರಿಸಿದ ಅದೇ ಪೆಪ್ಟೈಡು ಅದನ್ನು ಮಲಗಿಸಿತು. ಗಂಡಸಿನಲ್ಲಿಯೂ ನಿಯಮವು ಇದೇ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಟೆಸ್ಟೊಸ್ಟೆರೋನನ್ನು ತಗ್ಗಿಸಲು ವೈದ್ಯರು ಬಹುಕಾಲ ನಿಲ್ಲುವ ಕೃತಕ ಪೆಪ್ಟೈಡನ್ನು ಕೊಟ್ಟು ಈ ಬಾಗಿಲನ್ನೇ ಮುಚ್ಚಿಸುತ್ತಾರೆ.

ಕೆಲವರಲ್ಲಿ ಹುಟ್ಟಿನಿಂದಲೇ ಈ ದೂತನಿಲ್ಲ. ಅವನನ್ನು ತಯಾರಿಸುವ ನರಕೋಶಗಳು ಗರ್ಭದಲ್ಲಿ ಮೂಗಿನ ಕಡೆಯಿಂದ ಮೆದುಳಿಗೆ ನಡೆದುಬರಬೇಕು. ಅವು ದಾರಿಯಲ್ಲಿ ನಿಂತರೆ ಹುಡುಗನು ತಾನಾಗಿ ಪ್ರಾಯಕ್ಕೆ ಬರುವುದಿಲ್ಲ, ವಾಸನೆಯೂ ತಿಳಿಯದು. ಇಂಥವರಿಗೆ ಕಾಲಕಾಲಕ್ಕೆ ಪೆಪ್ಟೈಡನ್ನೋ ಪಿಟ್ಯುಟರಿಯ ಹಾರ್ಮೋನುಗಳ ಕೆಲಸವನ್ನು ಮಾಡುವ ಔಷಧವನ್ನೋ ಕೊಟ್ಟರೆ, ಅನೇಕರು ತಂದೆಯಾಗಬಲ್ಲರು.

ಇನ್ನು ಅಂಗಡಿಯ ಪೌರುಷದ ಮಾತು. ಟೆಸ್ಟೊಸ್ಟೆರೋನನ್ನು ಚುಚ್ಚಿಸಿಕೊಂಡರೆ ಗಂಡಸುತನವು ಹೆಚ್ಚುವುದೆಂದು ತರುಣರು ನಂಬುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ಇದೇ ಔಷಧವನ್ನು ಪರೀಕ್ಷಿಸಿದ್ದು ಸಂತಾನನಿರೋಧಕವಾಗಿ! 1990ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ವಾರಕ್ಕೆ 200 ಮಿಲಿಗ್ರಾಂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ 6 ತಿಂಗಳೊಳಗೆ ಒಂದು ವೀರ್ಯಾಣುವೂ ಉಳಿಯಲಿಲ್ಲ. ಕಾರಣವು ಸ್ಪಷ್ಟ. ಹೊರಗಿನಿಂದ ಬಂದ ಹಾರ್ಮೋನು "ಸಾಕು" ಎಂದಿತು. ದೂತನು ಬರುವುದನ್ನು ನಿಲ್ಲಿಸಿದನು. ವೀರ್ಯಾಣುಗಳಿಗೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಅನೇಕ ಪಟ್ಟು ಟೆಸ್ಟೊಸ್ಟೆರೋನ್ ಬೇಕು. ಆ ಊಟೆಯೇ ಬತ್ತಿತು. ಚುಚ್ಚುವುದನ್ನು ಬಿಟ್ಟರೆ ಅದು ಸಾಮಾನ್ಯವಾಗಿ ಮರಳುವುದು. ಆದರೆ ತಿಂಗಳುಗಳು ಹಿಡಿಯುವುವು.

ಮಕ್ಕಳನ್ನು ಬಯಸುವ ಗೃಹಸ್ಥನು ಹೆಂಡತಿಯೊಬ್ಬಳನ್ನೇ ವೈದ್ಯರಲ್ಲಿಗೆ ಕಳುಹಿಸದೆ, ತಾನೂ ಪರೀಕ್ಷೆಗೆ ಹೋಗಲಿ. ತಾನು ತೆಗೆದುಕೊಳ್ಳುವ ಔಷಧಗಳನ್ನು ಅಲ್ಲಿ ಮುಚ್ಚಿಡದಿರಲಿ. ಹೇಳಲು ನಾಚಿಕೆಪಟ್ಟ ಆ ಒಂದು ಮಾತಿನಲ್ಲಿಯೇ ರೋಗದ ಕಾರಣವು ಅಡಗಿರಬಹುದು.