ಹಾಜರಿ ಪುಸ್ತಕ ಮತ್ತು ಜಾವಾ: ಒಬ್ಬ ವಿದ್ಯಾರ್ಥಿಯ ಪ್ರಸ್ತಾವ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ವರ್ಗದಲ್ಲಿ ನೀಡಿದ ಉಪನ್ಯಾಸ)



ಇಂದಿನ ಅವಧಿಗೆ ನನಗೆ ವಹಿಸಿರುವ ವಿಷಯ ಪ್ರಸ್ತಾವ-ಲೇಖನ. ಪದ್ಧತಿಯಂತೆ ನಾನು ಮಾದರಿ ಪತ್ರವೊಂದನ್ನು ಫಲಕದ ಮೇಲೆ ಬರೆದು, ಅದರ ಅಂಗಗಳನ್ನು ವಿವರಿಸಬಹುದಿತ್ತು. ಅದನ್ನು ಬದಿಗಿರಿಸಿ, ಕಳೆದ ವರ್ಷ ನನ್ನ ಕೈಗೆ ಬಂದ ಒಂದೇ ಒಂದು ಪ್ರಸ್ತಾವದ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದು ಗಣಕಯಂತ್ರಕ್ಕೆ ಸಂಬಂಧಿಸಿದ್ದು. ನಾನು ಕನ್ನಡ ಎಂ.ಎ. ಮಾಡಿದವನು, ಇದರಲ್ಲಿ ನನಗೆ ತಿಳಿದಿರುವುದೆಲ್ಲ ಒಬ್ಬ ಹುಡುಗನಿಂದ ಕಲಿತದ್ದು. ಆದಕಾರಣ ತಾವು ಯಾರೂ ಅಂಜಬೇಕಾಗಿಲ್ಲ.

ಹುಡುಗನ ಮನೆ ಶಿರೋಳ ತಾಲೂಕಿನ ಅಕಿವಾಟದಲ್ಲಿ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಈಗ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಾನೆ. ಒಂದು ಭಾನುವಾರ ಇಂಗ್ಲಿಷಿನಲ್ಲಿ ಬರೆದ ಮೂರು ಪುಟಗಳನ್ನು ಹಿಡಿದು ಬಂದ. ಅಂತಿಮ ವರ್ಷದ ಯೋಜನೆಗಾಗಿ ಬರೆದ ಪ್ರಸ್ತಾವವದು, ‘ಇದರಲ್ಲಿ ಹೊಸದೇನಿದೆ?’ ಎಂಬ ಒಂದು ಸಾಲಿನ ಷರಾದೊಂದಿಗೆ ಹಿಂದಿರುಗಿತ್ತು. ನಾನು ಎರಡು ಸಲ ಓದಿದೆ. ಕ್ರಾಂತಿಕಾರಿ, ಅಭೂತಪೂರ್ವ, ಸರ್ವಸಮರ್ಥ ಎಂಬರ್ಥದ ಪದಗಳು ಸಾಲುಸಾಲಾಗಿ ಇದ್ದವು. ಆದರೆ ಯಾವ ವಸ್ತುವಿಗೆ ಏನು ಮಾಡಲು ಹೊರಟಿದ್ದಾನೆಂಬುದು ಎಲ್ಲಿಯೂ ಇರಲಿಲ್ಲ. ಕಾಗದವನ್ನು ಮಡಿಸಿಟ್ಟು, “ಕನ್ನಡದಾಗ ಹೇಳು” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಸರ್, ಇದು ನಮ್ಮ ಸಾಲಿ ಹಾಜರಿ ಪುಸ್ತಕ ಇದ್ದಂಗ ಐತ್ರಿ. ಹೆಸರು ಐತಿ, ಹುಡುಗ ಬರೂದಿಲ್ಲ. ಹುಡುಗ ಬಂದು ಕುಂತಾನ, ಹೆಸರಿಲ್ಲ. ಅದನ್ನ ಹುಡುಕೂ ಪ್ಲಗಿನ್ ಮಾಡಾಕತ್ತೀನ್ರಿ.”

ಮೂರು ಪುಟಗಳು ಹೇಳಲಾರದ್ದನ್ನು ಆ ನಾಲ್ಕು ಮಾತು ಹೇಳಿದವು. ಅವುಗಳನ್ನು ಸ್ವಲ್ಪ ಬಿಡಿಸುತ್ತೇನೆ.

ಜಾವಾ ಎಂಬುದು 1995ರಲ್ಲಿ ಹೊರಬಂದ ಒಂದು ಗಣಕಭಾಷೆ. ಬ್ಯಾಂಕು, ವಿಮೆ ಮುಂತಾದ ದೊಡ್ಡ ವ್ಯವಹಾರಗಳ ಎಷ್ಟೋ ತಂತ್ರಾಂಶಗಳು ಇದರಲ್ಲಿವೆ. ತಂತ್ರಾಂಶ ಬರೆಯುವವನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಇತರರು ಬರೆದಿಟ್ಟ ಸಿದ್ಧ ಭಾಗಗಳನ್ನು ತಂದು ಬಳಸುತ್ತಾನೆ. ಇವುಗಳಿಗೆ ಲೈಬ್ರರಿ ಎನ್ನುತ್ತಾರೆ. ಒಂದು ತಂತ್ರಾಂಶ ಹೀಗೆ ಆತುಕೊಂಡಿರುವ ಲೈಬ್ರರಿಯೇ ಅದರ ಅವಲಂಬನೆ. ಇವೆಲ್ಲವನ್ನೂ ತಂದು ಜೋಡಿಸಿಕೊಡುವ ಸಾಧನದ ಹೆಸರು ಮೇವನ್. ಯಾವ ಯಾವ ಲೈಬ್ರರಿ ಬೇಕೆಂದು ಒಂದು ಕಡತದಲ್ಲಿ ಹೆಸರು ಬರೆದರಾಯಿತು, ಅದು ಅಂತರಜಾಲದ ಸಾರ್ವಜನಿಕ ಭಂಡಾರದಿಂದ ತಂದುಕೊಡುತ್ತದೆ. 2005ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯು ಇನ್ನೊಂದು ಉಪಕಾರ ಮಾಡಿತು: ನಾವು ಹೆಸರಿಸಿದ ಲೈಬ್ರರಿಗೆ ಬೇರೆ ಲೈಬ್ರರಿಗಳು ಬೇಕಿದ್ದರೆ ಅವನ್ನೂ, ಅವಕ್ಕೆ ಬೇಕಾದವನ್ನೂ ಕೇಳದೆಯೇ ತರತೊಡಗಿತು. ಐದು ಜನರಿಗೆ ಆಮಂತ್ರಣ ಕೊಟ್ಟು ಐವತ್ತು ಎಲೆ ಹಾಕಿದಂತೆ. ಸೇರಿಸುವುದು ಇಷ್ಟು ಸುಲಭವಾದ ಮೇಲೆ ತೆಗೆಯುವವರು ಯಾರೂ ಉಳಿಯಲಿಲ್ಲ. ಕೆಲಸ ಮುಗಿದ ಲೈಬ್ರರಿಯ ಹೆಸರು ಪಟ್ಟಿಯಲ್ಲಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಪ್ಲಗಿನ್ ಎಂದರೆ ಇಂತಹ ಸಾಧನಕ್ಕೆ ತಗುಲಿಸುವ ಉಪಸಾಧನ. ಟ್ರ್ಯಾಕ್ಟರಿಗೆ ರೋಟಾವೇಟರ್ ಜೋಡಿಸಿದ ಹಾಗೆ.

ಇನ್ನು ಹಾಜರಿ ಪುಸ್ತಕ. ನಮ್ಮ ಭಾಗದಲ್ಲಿ ಕಬ್ಬಿನ ಹಂಗಾಮು ಆರಂಭವಾದಾಗ ಏನಾಗುತ್ತದೆಂದು ತಮಗೆ ನಾನು ಹೇಳಬೇಕಾದುದಿಲ್ಲ. ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಅವರ ಮಕ್ಕಳು ನಮ್ಮ ವರ್ಗದಲ್ಲಿ ಬಂದು ಕುಳಿತುಕೊಳ್ಳುತ್ತಾರೆ, ಪುಸ್ತಕದಲ್ಲಿ ಹೆಸರಿರುವುದಿಲ್ಲ. ಇತ್ತ ನಮ್ಮ ಪಟದಲ್ಲಿರುವ ಹುಡುಗನೊಬ್ಬ ತಂದೆತಾಯಿಗಳೊಂದಿಗೆ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗಿರುತ್ತಾನೆ. ಹೆಸರು ಇದೆ, ಹುಡುಗನಿಲ್ಲ. ಮೇವನ್‌ಗೆಂದೇ ಇರುವ ಪರಿಶೀಲನೆಯ ಸಾಧನವೊಂದು ಇವೇ ಎರಡು ಪಟ್ಟಿಗಳನ್ನು ಕೊಡುತ್ತದೆ: ಘೋಷಿಸಿದ್ದರೂ ಬಳಸದವು, ಬಳಸುತ್ತಿದ್ದರೂ ಘೋಷಿಸದವು. ಎರಡನೆಯದೂ ಅಪಾಯವೇ. ಹೆಸರಿಲ್ಲದೆ ಬಂದು ಕುಳಿತದ್ದು ಯಾವುದೋ ಬೇರೆ ಲೈಬ್ರರಿಯ ಬೆನ್ನು ಹಿಡಿದು ಬಂದಿರುತ್ತದೆ; ಅದು ಹೊರಟುಹೋದ ದಿನ ಇದೂ ಹೊರಟುಹೋಗುತ್ತದೆ, ತಂತ್ರಾಂಶ ನಿಲ್ಲುತ್ತದೆ.

ಬಾರದ ಹುಡುಗನ ಹೆಸರನ್ನು ಹೊಡೆದುಹಾಕಿದರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಶಾಲೆ ನಡೆಸಿದವರು ಕೇಳುವುದಿಲ್ಲ. 2011ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ನಡೆದ ಪಟಪಡತಾಳಣಿಯ ನೆನಪು ನಮ್ಮಲ್ಲಿ ಹಿರಿಯರಿಗೆಲ್ಲ ಇದೆ. ಖೊಟ್ಟಿ ಹೆಸರುಗಳನ್ನು ತೆಗೆಯಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಣಿಸುವ ದಿನ ಕಾಣಲಿಲ್ಲವೆಂಬುದೊಂದೇ ಹುಡುಗ ಇಲ್ಲವೆಂಬುದಕ್ಕೆ ಪುರಾವೆಯಲ್ಲ. ಅಜ್ಜಿಯ ಊರಾದ ಗಡಹಿಂಗ್ಲಜಕ್ಕೆ ಹೋದವನು ಪರೀಕ್ಷೆಗೆ ಬಂದೇ ಬರುತ್ತಾನೆ. ಪಟಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆ ನಿಂತಿರುವ ನಮ್ಮಂತಹ ಚಿಕ್ಕ ಕನ್ನಡ ಶಾಲೆಯಲ್ಲಿ ಒಂದು ಹೆಸರು ಅಳಿಸುವುದೆಂದರೆ ಏನೆಂಬುದು ನಮಗೆ ಗೊತ್ತು.

ಜಾವಾದಲ್ಲಿಯೂ ಹೀಗೆಯೇ ಎಂದು ಹುಡುಗ ತೋರಿಸಿದ. ಪರಿಶೀಲನೆಯ ಸಾಧನವು ಸಿದ್ಧಗೊಂಡ ತಂತ್ರಾಂಶದ ಸಂಕೇತವನ್ನು ಓದಿ, ಯಾರು ಯಾರನ್ನು ಉಲ್ಲೇಖಿಸುತ್ತಾರೆಂದು ನೋಡುತ್ತದೆ. ಕೆಲವು ಲೈಬ್ರರಿಗಳ ಉಲ್ಲೇಖವು ಅಲ್ಲಿ ಇರುವುದೇ ಇಲ್ಲ. ತಂತ್ರಾಂಶ ಓಡುತ್ತಿರುವಾಗ, ಅಗತ್ಯ ಬಿದ್ದ ಗಳಿಗೆಯಲ್ಲಿ, ಹೆಸರು ಕೂಗಿ ಅವನ್ನು ಕರೆಸುತ್ತಾರೆ. ಮಾಹಿತಿ ಸಂಗ್ರಹಕ್ಕೆ ಸಂಪರ್ಕ ಕಲ್ಪಿಸುವ ಲೈಬ್ರರಿಗಳು ಸಾಮಾನ್ಯವಾಗಿ ಈ ಜಾತಿಯವು. ‘ಬಳಕೆಯಿಲ್ಲ’ ಎಂದು ಅವನ್ನು ಅಳಿಸಿದರೆ ಜೋಡಣೆಯ ಹಂತದಲ್ಲಿ ಯಾವ ದೋಷವೂ ಕಾಣದು. ಗಿರಾಕಿಯ ಮುಂದೆ ನಿಂತಾಗ ಕುಸಿಯುತ್ತದೆ.

ಹಾಗಾದರೆ ತೆಗೆಯುವ ಉಸಾಬರಿಯೇ ಏಕೆ? 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಅದರ ಕೆಲಸ ತಂತ್ರಾಂಶದ ದಿನಚರಿ ಬರೆಯುವುದು, ಅಷ್ಟೆ. ಆದರೆ ದುರುಳನೊಬ್ಬ ಕಳುಹಿಸಿದ ವಿಶಿಷ್ಟ ವಾಕ್ಯವನ್ನು ದಿನಚರಿಯಲ್ಲಿ ಬರೆಯಹೋದರೆ, ಹೊರಗಿನವರ ಆಜ್ಞೆಗಳನ್ನು ತಂದು ನಡೆಸಿಬಿಡುತ್ತಿತ್ತು. ಜಗತ್ತಿನ ಎಷ್ಟೋ ಸಂಸ್ಥೆಗಳು ಆ ವಾರ ನಿದ್ದೆಗೆಟ್ಟು ಹುಡುಕಿದ್ದು, ‘ಇದು ನಮ್ಮಲ್ಲಿ ಇದೆಯೇ?’ ಎಂಬುದನ್ನು. ಬೇರೊಂದರ ಬೆನ್ನಿಗೆ ಬಂದು ಕುಳಿತಿದ್ದ ಕಾರಣ ಹಲವರಿಗೆ ಅದು ತಮ್ಮಲ್ಲಿದೆಯೆಂಬುದೇ ತಿಳಿದಿರಲಿಲ್ಲ. ಅಗತ್ಯವಿದ್ದಲ್ಲಿ ದುರಸ್ತಿ ಮಾಡಿಕೊಂಡರು, ಸರಿ. ಅಗತ್ಯವಿಲ್ಲದೆಯೂ ಕುಳಿತಿದ್ದರೆ ಅದು ಯಾರೂ ಕಾಯದ ಹಿತ್ತಿಲ ಬಾಗಿಲು.

ಈಗ ಆ ಷರಾಕ್ಕೆ ಬರುತ್ತೇನೆ. ಹೊಸದೇನಿದೆ ಎಂಬ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿರುವ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೆಸಾರ್ ಸೋಟೊ-ವಲೆರೊ ಎಂಬ ಅಂದಿನ ಸಂಶೋಧನ ವಿದ್ಯಾರ್ಥಿ ತನ್ನ ಮಾರ್ಗದರ್ಶಕರೊಂದಿಗೆ ಡೆಪ್‌ಕ್ಲೀನ್ ಎಂಬ ಪ್ಲಗಿನ್ ರಚಿಸಿ, ಯಾರು ಬೇಕಾದರೂ ನೋಡುವಂತೆ, ತಿದ್ದುವಂತೆ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ್ದಾನೆ. ಅದನ್ನು ಬಳಸಿ ಅವರು 9,639 ಜಾವಾ ಘಟಕಗಳನ್ನೂ ಅವುಗಳ 7,23,444 ಅವಲಂಬನೆಗಳನ್ನೂ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಶೇಕಡಾ 75.1ರಷ್ಟು ಅನಗತ್ಯ. ತಂತ್ರಾಂಶ ಬರೆದವರು ತಾವೇ ಹೆಸರಿಸಿದ್ದರಲ್ಲಿ ಅನಗತ್ಯವಾದವು ಒಟ್ಟಿನ ಶೇಕಡಾ 2.7 ಮಾತ್ರ, ಬೆನ್ನು ಹಿಡಿದು ಬಂದವೇ ಶೇಕಡಾ 57, ಉಳಿದವು ಮೂಲ ಯೋಜನೆಯಿಂದ ಬಳುವಳಿಯಾಗಿ ಬಂದವು.

“ಇದು ನಿನಗೆ ಗೊತ್ತಿತ್ತೇ?” ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ಗೊತ್ತಿತ್ತು. ಹೇಳಿದರೆ ತನ್ನದು ಸಣ್ಣದಾಗುವುದೆಂದು ಪ್ರಸ್ತಾವದಲ್ಲಿ ಮುಚ್ಚಿಟ್ಟಿದ್ದ. ನಾನು ಸಿಟ್ಟಾಗಲಿಲ್ಲ, ಏಕೆಂದರೆ ಈ ಪಾಠವನ್ನು ಅವನಿಗೆ ಕಲಿಸಿದವರು ನಾವೇ. ಇಪ್ಪತ್ತೈದು ವರ್ಷಗಳಿಂದ ನಾನು ನಿಬಂಧದ ಉದ್ದಕ್ಕೆ, ಅಲಂಕಾರದ ಪದಗಳಿಗೆ ಅಂಕ ಕೊಟ್ಟಿದ್ದೇನೆ. ‘ಇದನ್ನು ಎಲ್ಲಿಂದ ತಿಳಿದೆ, ನಿನಗಿಂತ ಮೊದಲು ಯಾರು ಹೇಳಿದ್ದಾರೆ’ ಎಂದು ಒಮ್ಮೆಯೂ ಕೇಳಿಲ್ಲ.

ಆ ದಿನವೇ ಎರಡನೆಯ ಪ್ರಸ್ತಾವವನ್ನು ಆರಂಭಿಸಿದೆವು; ಮೊದಲು ಕನ್ನಡದಲ್ಲಿ. ಮೊದಲ ಪರಿಚ್ಛೇದದಲ್ಲಿಯೇ ಡೆಪ್‌ಕ್ಲೀನ್‌ನ ಹೆಸರು, ಮೇವನ್‌ನ ಸಾಧನದ ಹೆಸರು, ಅವು ಏನೇನು ಮಾಡುತ್ತವೆಂಬ ವಿವರ. ಅನಂತರ, ಉಳಿದ ಕೆಲಸ. ಅವನ ಪ್ಲಗಿನ್ ಪಟ್ಟಿಯಿಂದ ಒಂದು ಸಲಕ್ಕೆ ಒಂದೇ ಹೆಸರನ್ನು ತೆಗೆಯುತ್ತದೆ. ತೆಗೆದು ತಂತ್ರಾಂಶದ ಪರೀಕ್ಷೆಗಳನ್ನೆಲ್ಲ ನಡೆಸುತ್ತದೆ. ಒಂದು ವಿಫಲವಾದರೂ ಹೆಸರನ್ನು ಹಿಂದಿರುಗಿಸುತ್ತದೆ. ಪ್ರತಿಯೊಂದನ್ನೂ ಏಕೆ ತೆಗೆದೆ, ಏಕೆ ಉಳಿಸಿದೆ ಎಂದು ಒಂದೊಂದು ವಾಕ್ಯ ಬರೆದಿಡುತ್ತದೆ. ಪರೀಕ್ಷೆಗಳೇ ಇಲ್ಲದ ತಂತ್ರಾಂಶವಾದರೆ ಸಲಹೆ ಕೊಡುತ್ತದೆಯೇ ಹೊರತು ಕೈ ಹಾಕುವುದಿಲ್ಲ. ಈ ಕೊನೆಯ ಮಾತನ್ನು ಸೇರಿಸಲು ಹುಡುಗನಿಗೆ ಮನಸ್ಸಿರಲಿಲ್ಲ, ದೌರ್ಬಲ್ಯ ಒಪ್ಪಿಕೊಂಡಂತಾಗುವುದೆಂದು. ಪ್ರಸ್ತಾವವು ಅಂಗೀಕಾರವಾದಾಗ ಹೊಗಳಿಕೆ ಬಂದದ್ದು ಆ ಸಾಲಿಗೆ.

ವರದಿಯ ವಾಕ್ಯಗಳು ಕನ್ನಡದಲ್ಲಿಯೂ ಇರಬೇಕೆಂಬುದು ಅವನದೇ ವಿಚಾರ. ತನ್ನಂತೆಯೇ ಕನ್ನಡದಲ್ಲಿ ಕಲಿತು ಬರುವ ಮೊದಲ ವರ್ಷದವರಿಗಾಗಿ. ಜಾವಾದಲ್ಲಿ ಇದಕ್ಕೆ ಏರ್ಪಾಡು ಇದೆ: ಸಂದೇಶಗಳನ್ನೆಲ್ಲ ಪ್ರತ್ಯೇಕ ಕಡತದಲ್ಲಿಟ್ಟು, ಭಾಷೆಗೊಂದು ಪ್ರತಿ ಮಾಡಬಹುದು. ಹಿಂದೆ ಆ ಕಡತಗಳಲ್ಲಿ ಕನ್ನಡ ಅಕ್ಷರವನ್ನು ನೇರವಾಗಿ ಬರೆಯುವಂತಿರಲಿಲ್ಲವಂತೆ. ಒಂದು ‘ಕ’ ಬರೆಯಲು ಓರೆಗೆರೆ, ಯು, ಸೊನ್ನೆ, ಸಿ, ಒಂಬತ್ತು, ಐದು ಎಂದು ಆರು ಚಿಹ್ನೆಗಳು ಬೇಕಿದ್ದವು! 2017ರ ಜಾವಾ 9ರಿಂದ ಆ ತೊಡಕು ತೀರಿತು. ‘ಕ’ವನ್ನು ‘ಕ’ ಎಂದೇ ಬರೆಯಬಹುದು.

ತರಗತಿಯಲ್ಲಿ ಇದರಿಂದ ನಾನು ಮಾಡಿಕೊಂಡ ಬದಲಾವಣೆ ಒಂದೇ. ‘ಗ್ರಂಥಾಲಯ ಬೇಕು, ಆಟದ ಸಾಮಾನು ಬೇಕು’ ಎಂಬ ವಿನಂತಿ ಪತ್ರಗಳ ಬದಲು, ಶಾಲೆಯಿಂದ ಒಂದು ವಸ್ತುವನ್ನು ತೆಗೆಯಿರೆಂದು ಮುಖ್ಯಾಧ್ಯಾಪಕರಿಗೆ ಪ್ರಸ್ತಾವ ಬರೆಯಲು ಹೇಳುತ್ತೇನೆ. ಅದನ್ನು ಈಗ ಯಾರು ಬಳಸುತ್ತಾರೆ, ನೀನು ಯಾರನ್ನು ಕೇಳಿದೆ, ತಪ್ಪಾದರೆ ಹಿಂದೆ ತರುವುದು ಹೇಗೆ ಎಂಬುದಕ್ಕೆ ಉತ್ತರವಿರಬೇಕು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಕಚೇರಿಯ ಕಪಾಟಿನ ಮೇಲಿರುವ ಕೆಟ್ಟ ರೇಡಿಯೊ ತೆಗೆಯಬೇಕೆಂದು ಬರೆದಳು. ಶಿಕ್ಷಕರನ್ನೆಲ್ಲ ಕೇಳಿದ್ದಳು, ಯಾರೂ ಬಳಸುತ್ತಿರಲಿಲ್ಲ. ಕೊನೆಗೆ ಶಿಪಾಯಿ ಮಾಮಾನನ್ನು ಕೇಳಿದರೆ, ಶಾಲೆಯ ಎಲ್ಲ ಬೀಗದ ಕೈಗಳು ಇರುವುದೇ ಅದರೊಳಗೆ! ಪ್ರಸ್ತಾವವನ್ನು ಅವಳೇ ಹಿಂದೆ ಪಡೆದು, ಕಾರಣವನ್ನು ಬರೆದುಕೊಟ್ಟಳು. ಆ ಕಾರಣಪತ್ರಕ್ಕೆ ನಾನು ಪೂರ್ಣಾಂಕ ಕೊಟ್ಟೆ.

ಹುಡುಗನ ಕೆಲಸ ಇನ್ನೂ ನಡೆದಿದೆ. ಸಂದೇಶಗಳ ಕನ್ನಡ ಪ್ರತಿಯನ್ನು ತಿದ್ದಲು ನನ್ನ ಬಳಿ ಕೊಟ್ಟಿದ್ದಾನೆ. ಅದರ ನಕಲುಗಳನ್ನು ಇಂದು ಹಂಚುತ್ತೇನೆ. ‘ಹೆಸರಿದೆ, ಬಳಕೆಯಿಲ್ಲ’, ‘ಬಳಕೆಯಿದೆ, ಹೆಸರಿಲ್ಲ’ ಎಂಬ ಎರಡಕ್ಕೆ ತಕರಾರಿಲ್ಲ. ಒಂದರ ಬೆನ್ನು ಹಿಡಿದು ಬರುವ ಅವಲಂಬನೆಗೆ ಏನೆನ್ನಬೇಕೆಂಬಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗಿಲ್ಲ. ನಾನು ‘ಪರಂಪರಾಗತ ಅವಲಂಬನೆ’ ಎಂದು ಬರೆದಿದ್ದೆ. ಅವನು ಅದನ್ನು ಹೊಡೆದು, ‘ಬೀಗರ ಬೀಗರು’ ಎಂದು ಬರೆದಿದ್ದಾನೆ. ಮಧ್ಯಾಹ್ನದ ಊಟದ ನಂತರ ತಾವು ತಮ್ಮ ಅಭಿಪ್ರಾಯವನ್ನು ಅದೇ ಹಾಳೆಯ ಮೇಲೆ ಬರೆದುಕೊಡಬೇಕೆಂದು ಕೋರುತ್ತೇನೆ.